ಇನ್ನೊಂದೇ ರೌಂಡು

"ಅಪ್ಪಾ, ತೂಕ ನೋಡೋದು ಎಂಟು ಗಂಟೆಗೆ ಮುಗಿದುಹೋಗುತ್ತೆ."

"ಗೊತ್ತು ಮರಿ. ಇನ್ನೊಂದೇ ರೌಂಡು."

ಹುಡುಗಿ ಶೂ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತು ಬಹಳ ಹೊತ್ತಾಗಿತ್ತು. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಕುಡಿಯಬೇಡ ಎಂದು ಯಾರೂ ಹೇಳಿರಲಿಲ್ಲ. ನೀರು ಕುಡಿದು ತೂಕ ಹೆಚ್ಚಾಗಿಬಿಟ್ಟರೆ ಎಂದು ಅವಳಿಗೇ ಭಯ.

ಟೈರ್ ಅಂಗಡಿಯ ಹಿಂದಿದ್ದ ಆ ಶೆಡ್ಡಿನಲ್ಲಿ ಅವಳ ಅಪ್ಪ ಬಾಕ್ಸಿಂಗ್ ಕೋಚು. ಅಲ್ಲಿಯ ಹುಡುಗರು ಅವಳನ್ನು 'ಬೆಂಕಿಪೊಟ್ಟಣ' ಎನ್ನುತ್ತಿದ್ದರು. ಆಳು ಪುಟ್ಟದು, ಸಿಟ್ಟು ಮೂಗಿನ ತುದಿಯಲ್ಲೇ.

ಇವತ್ತು ಮಾತ್ರ ಬೆಂಕಿಪೊಟ್ಟಣಕ್ಕೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹುಡುಗಿಯರ ಪಂದ್ಯ ನಡೆಯುವುದೇ ವರ್ಷಕ್ಕೊಂದು ಸಲ. ಅವಳಿಗೆ ಇದೇ ಮೊದಲನೆಯದು. ಆಡುವವರೆಲ್ಲ ಬೆಳಿಗ್ಗೆ ಹೋಗಿ ತೂಕದ ಮೆಷಿನ್ ಮೇಲೆ ನಿಲ್ಲಬೇಕು. ಒಂದೇ ತೂಕದವರನ್ನು ಜೋಡಿ ಮಾಡುತ್ತಾರೆ. ತೂಕಕ್ಕೆ ಬರದವರಿಗೆ ಜೋಡಿಯೂ ಇಲ್ಲ, ಪಂದ್ಯವೂ ಇಲ್ಲ.

"ಹೇಗೂ ಬೇಗ ಎದ್ದಿದ್ದೀವಿ, ಸ್ವಲ್ಪ ಹೊತ್ತು ಶೆಡ್ಡು ತೆಗೆದು ಆಮೇಲೆ ಹೋಗೋಣ" ಎಂದದ್ದು ಅಪ್ಪನೇ.

ಈಗ ಅಪ್ಪನ ಎದುರು ಗುಡುಗು ಎಂಬ ಅಡ್ಡಹೆಸರಿನ ಹುಡುಗ ನಿಂತಿದ್ದ. ಅವನು ಹೊಡೆದರೆ ಸೊಳ್ಳೆಯೂ ಸಾಯುವುದಿಲ್ಲ, ಅದಕ್ಕೇ ಆ ಹೆಸರು. ಅಪ್ಪ ಎರಡೂ ಕೈಗೆ ದಪ್ಪ ಪ್ಯಾಡು ಹಾಕಿಕೊಂಡು ಅವನ ಏಟುಗಳನ್ನು ಹಿಡಿಯುತ್ತಿದ್ದ.

ರೌಂಡು ಮುಗಿಯಿತು. "ಕೋಚ್, ಎಡಗೈ ಈಗ ತಾನೇ ಸರಿಯಾಗಿ ಬರ್ತಿದೆ" ಎಂದ ಗುಡುಗು. ಇನ್ನೊಂದು ರೌಂಡಾಯಿತು. ಆಮೇಲೆ ಮೂಲೆಯ ಪಂಚಿಂಗ್ ಬ್ಯಾಗಿನ ಸರಪಳಿ ಸಡಿಲವಾಗಿದ್ದು ಅಪ್ಪನ ಕಣ್ಣಿಗೆ ಬಿತ್ತು. ಸ್ಪ್ಯಾನರ್ ಹುಡುಕಿದ್ದಾಯಿತು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಯಾರದೋ ಅಮ್ಮ ಬಂದರು. "ನಮ್ಮ ಹುಡುಗ ಸರಿಯಾಗಿ ಊಟಾನೇ ಮಾಡಲ್ಲ ಕೋಚ್. ನೀವಾದ್ರೂ ಸ್ವಲ್ಪ ಹೇಳಿ" ಎಂದರು. ಅಪ್ಪ ನಿಂತು ಹೇಳಿದ. ಚೆನ್ನಾಗಿಯೇ ಹೇಳಿದ.

ಪಂದ್ಯದ ಜಾಗಕ್ಕೆ ಇಬ್ಬರೂ ಓಡಿ ಬಂದಾಗ ತೂಕದ ಮೆಷಿನ್ನನ್ನು ಇಬ್ಬರು ಎತ್ತಿಕೊಂಡು ಹೋಗುತ್ತಿದ್ದರು. ಮೇಜಿನ ಹಿಂದೆ ಕೂತಿದ್ದ ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು.

"ಮೇಡಂ, ಒಂದೇ ಹುಡುಗಿ. ಒಂದು ನಿಮಿಷದ ಕೆಲಸ" ಎಂದ ಅಪ್ಪ.

"ಜೋಡಿ ಎಲ್ಲಾ ಆಗಿಹೋಯ್ತು ಸರ್. ಈಗ ಇವಳನ್ನ ಯಾರ ಜೊತೆ ಹಾಕಲಿ?"

"ತಪ್ಪು ನಂದು ಮೇಡಂ, ಅವಳದಲ್ಲ." ಅಪ್ಪ ಕೈ ಮುಗಿದ.

ಮೇಡಂ ಹುಡುಗಿಯ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ನೀವೇ ಕೋಚು. ನಿಮಗೆ ನಾನು ಹೇಳಬೇಕಾ?"

ಅಪ್ಪ ಹಾಗೆ ಕೈ ಮುಗಿದು ನಿಂತದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಸೋತಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಸೋಲುವುದಕ್ಕಾದರೂ ಒಂದು ಸಲ ರಿಂಗಿಗೆ ಹತ್ತಬೇಕಲ್ಲ.

ಬಸ್ಸಿನಲ್ಲಿ ಅಪ್ಪ ನೀರಿನ ಬಾಟಲಿ ಕೊಟ್ಟ. ಅವಳು ಕುಡಿಯಲಿಲ್ಲ. ಮನೆಗೆ ಬಂದವಳೇ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಅಡುಗೆಮನೆಯಿಂದ ಅಮ್ಮನ ಮಾತು ಕೇಳಿಸುತ್ತಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ. ನಿಮ್ಮನ್ನ ನೋಡೇ ಮಾಡಿರಬೇಕು ಈ ಗಾದೇನ."



ಮರುದಿನ ಸಂಜೆ ಶೆಡ್ಡಿಗೆ ಹೋದಾಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಟೈಮ್‌ಟೇಬಲ್ ಬರೆದಿತ್ತು. ಚಿಕ್ಕವರಿಗೆ ಪ್ಯಾಡು ಹಿಡಿಯುವುದು ದೊಡ್ಡ ಹುಡುಗರ ಕೆಲಸ. ಕಸ ಗುಡಿಸುವುದು ಸರದಿ ಪ್ರಕಾರ. ಹುಡುಗರ ಅಪ್ಪ ಅಮ್ಮಂದಿರ ಜೊತೆ ಮಾತು ಶನಿವಾರ ಮಾತ್ರ. ಎಲ್ಲಕ್ಕಿಂತ ಕೆಳಗೆ, 'ಮಗಳು' ಎಂದು ಬರೆದು ಅಪ್ಪ ಅದರಡಿ ಎರಡು ಗೆರೆ ಎಳೆದಿದ್ದ.

"ರೌಂಡಿನ ಗಂಟೆ ಹೊಡೆಯೋ ಕೆಲಸ ನಿಂದು" ಎಂದ ಅಪ್ಪ. "ನಾನೇ ಇನ್ನೊಂದು ರೌಂಡು ಅಂದ್ರೂ ಕೇಳಬೇಡ. ಹೊಡೆದುಬಿಡು."

ಅವಳು ಗಂಟೆಯ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತಳು.

ಮೊದಮೊದಲು ಎಲ್ಲ ಸರಿಯಾಗೇ ನಡೆಯಿತು. ಅವಳು ಗಂಟೆ ಹೊಡೆದಾಗ ಎಲ್ಲರೂ ನಿಂತರು, ಮತ್ತೆ ಹೊಡೆದಾಗ ಶುರು ಮಾಡಿದರು. ಗುಡುಗಿಗೆ ಪ್ಯಾಡು ಹಿಡಿಯುವ ಸರದಿ ಲಾರಿ ಕ್ಲೀನರ್ ಅಣ್ಣನದು. ಪಾಪ, ಅವನು ಹಿಡಿದ ಪ್ಯಾಡು ಸ್ವಲ್ಪ ಸೊಟ್ಟಗಿತ್ತು.

ಅಪ್ಪ ನೋಡಿದ. ಬೇರೆ ಕಡೆ ತಿರುಗಿದ. ಮತ್ತೆ ನೋಡಿದ. ಕಾಲಲ್ಲಿ ಇರುವೆ ಬಿಟ್ಟುಕೊಂಡವರ ಹಾಗೆ ಚಡಪಡಿಸಿದ.

"ಹಾಗಲ್ಲ ಮಾರಾಯಾ, ಅವನ ಮಣಿಕಟ್ಟು ಉಳುಕುತ್ತೆ. ಕೊಡು ಇಲ್ಲಿ."

ಕೊಟ್ಟ ಪ್ಯಾಡು ಮತ್ತೆ ಅಪ್ಪನ ಕೈಗೇ ಬಂತು. ಗುಡುಗು ಆದಮೇಲೆ ಇನ್ನೊಬ್ಬ, ಅವನಾದಮೇಲೆ ಮತ್ತೊಬ್ಬಳು. ಬೆಂಕಿಪೊಟ್ಟಣ ಮಾತ್ರ ಹಲ್ಲು ಕಚ್ಚಿಕೊಂಡು ಸರಿಯಾದ ಹೊತ್ತಿಗೆ ಗಂಟೆ ಹೊಡೆಯುತ್ತಲೇ ಇದ್ದಳು. ಇವತ್ತು ತನ್ನ ಪಾಲು ಬಿಟ್ಟುಕೊಡುವವಳಲ್ಲ ಅವಳು.

ಹಾಗಾಗಿ ಅವಳ ಸರದಿ ಹೊತ್ತಿಗೆ ಸರಿಯಾಗಿಯೇ ಬಂತು. ಶೆಡ್ಡು ಖಾಲಿಯಾಗಿತ್ತು. ಅವಳು ಗ್ಲೌಸ್ ಹಾಕಿಕೊಂಡು, ಗಂಟೆ ಹೊಡೆದು, ಅಪ್ಪನ ಎದುರು ನಿಂತಳು.

"ಬಾ ಬೆಂಕಿಪೊಟ್ಟಣ. ಹೊಡಿ."

ಹೊಡೆದಳು. ನಿನ್ನೆಯ ಸಿಟ್ಟನ್ನೆಲ್ಲ ಕೂಡಿಸಿ ಹೊಡೆದಳು. ಪ್ಯಾಡು ಹಿಂದಕ್ಕೆ ಹೋಯಿತು.

ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಪ್ಪನ ಪ್ಯಾಡು ಯಾವತ್ತೂ ಹಿಂದೆ ಹೋಗುವುದಿಲ್ಲ. ಏಟು ಬರುವಾಗ ಒಂದಿಷ್ಟು ಮುಂದೆ ಬಂದು ಟಪ್ ಎಂದು ಎದುರಾಗುತ್ತದೆ. ಹೊಡೆದವರಿಗೆ ತಾವೇ ದೊಡ್ಡ ಪೈಲ್ವಾನರು ಅನ್ನಿಸುವುದು ಅದರಿಂದಲೇ. ಸ್ವಲ್ಪ ಹೊತ್ತಿಗೆ ಮುಂಚೆ ಗುಡುಗಿನ ಕೈಗೂ ಹಾಗೇ ಎದುರಾಗಿತ್ತು.

ಇನ್ನೊಂದು ಹೊಡೆದಳು. ಪ್ಯಾಡು ಮತ್ತೆ ಹಿಂದೆ ಹೋಯಿತು, ಅಪ್ಪನ ಭುಜಕ್ಕೆ ತಾಗಿತು. ಅಪ್ಪ ಕೈಯನ್ನು ಮತ್ತೆ ಎತ್ತಿ ಹಿಡಿದ. ಅದು ಎದೆಯ ಮಟ್ಟಕ್ಕೂ ಬರಲಿಲ್ಲ.

"ಯಾಕೆ ನಿಲ್ಲಿಸಿದೆ? ಇದು ನಿನ್ನ ಟೈಮು. ಗಟ್ಟಿಯಾಗಿ ಹೊಡಿ."

ಮೂರನೆಯದನ್ನು ಅವಳು ಹಗುರವಾಗಿ ಹೊಡೆದಳು, ಗುಡುಗಿನ ಹಾಗೆ.

ಗೋಡೆಯ ಮೇಲೆ ಅವಳ ಸಾಲು ಇತ್ತು, ಅದರ ಕೆಳಗಿನ ಎರಡು ಗೆರೆಯೂ ಇತ್ತು. ಹೊತ್ತೂ ಇತ್ತು. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ಅಪ್ಪನೇ ಉಳಿದಿರಲಿಲ್ಲ. ಇದನ್ನು ಯಾವ ಟೈಮ್‌ಟೇಬಲ್‌ನಲ್ಲಿ ಹೇಗೆ ಬರೆಯುವುದೋ ಅವಳಿಗೆ ಗೊತ್ತಾಗಲಿಲ್ಲ. 

ಅವಳು ನಡೆದು ಹೋಗಿ ಗಂಟೆ ಹೊಡೆದಳು. ಅಪ್ಪನ ಎರಡೂ ಕೈ ತಟ್ಟನೆ ಕೆಳಗಿಳಿದವು.

"ಇಷ್ಟು ಬೇಗ ಆಯ್ತಾ?"

"ಆಯ್ತು ಅಪ್ಪಾ."

ಹಲ್ಲಿನಿಂದ ಕಚ್ಚಿ ಗ್ಲೌಸ್ ಬಿಚ್ಚಿಕೊಂಡು, ಅಪ್ಪನ ಪ್ಯಾಡಿನ ಪಟ್ಟಿಯನ್ನು ಅವಳೇ ಸಡಿಲ ಮಾಡಿದಳು. ಒಳಗೆ ಅಂಗೈ ಕೆಂಪಗೆ ಊದಿಕೊಂಡು ಸುಡುತ್ತಿತ್ತು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಅಪ್ಪ ಹಿಡಿದುಕೊಳ್ಳಲಾರ ಎಂದು, ಮುಚ್ಚಳ ತೆಗೆದು ತಾನೇ ಅವನ ಬಾಯಿಗೆ ಹಿಡಿದಳು.