ಮನೆಯವರ ರೂಮು

ಬಾಗಿಲಲ್ಲಿ ನಿಂತವಳನ್ನು ನೋಡಿ ಕಲ್ಲೇಶನ ಎದೆ ಧಸಕ್ಕೆಂದಿತು. ಕೃತಿಕಾ! ಹೋದ ತಿಂಗಳಷ್ಟೇ ಅಜ್ಜಂಪುರದಲ್ಲಿ ಅವನೊಂದಿಗೆ ವೀಳ್ಯದ ಶಾಸ್ತ್ರವಾದ ಹುಡುಗಿ. ಮಾಘದಲ್ಲಿ ಮದುವೆ.

ಅದು ಕುಡಿತ ಬಿಟ್ಟವರ, ಬಿಡಲು ಒದ್ದಾಡುವವರ ಮೀಟಿಂಗು. ಕಡೂರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ ಕಲ್ಲೇಶ ಊರವರ ಕಣ್ಣು ತಪ್ಪಿಸಿ ಪ್ರತಿ ಭಾನುವಾರ ತರೀಕೆರೆ ಬಸ್ಸು ಹತ್ತುತ್ತಿದ್ದ. ಎರಡು ವರ್ಷದಿಂದ ಒಂದು ಹನಿ ಮುಟ್ಟಿಲ್ಲ, ನಿಜ. ಆದರೆ ಹೆಣ್ಣು ನೋಡಲು ಹೋದಾಗ ಸೋದರಮಾವ "ನಮ್ಮ ಹುಡುಗ ಕಾಫೀನೂ ಕುಡಿಯಲ್ಲ" ಅಂತ ಜಂಬ ಕೊಚ್ಚಿದರೆ, ಈ ಮಹಾಶಯ ತಲೆ ಬಗ್ಗಿಸಿಕೊಂಡು ಕೂತಿದ್ದನಲ್ಲ! ಈಗ ಅನುಭವಿಸಲಿ.

"ನೀವಾ?" ಅಂದಳು ಅವಳು. ಮುಖ ಬಿಳಿಚಿಕೊಂಡಿತ್ತು.

"ಇಲ್ಲೀಗಂಟ ಹುಡುಕ್ಕೊಂಡು ಬಂದ್ರಾ? ಯಾರು ಹೇಳಿದ್ರು?"

"ಅಲ್ಲ, ನಾನು..."

"ಬೈಯಂಗಿದ್ರೆ ಬೈರಿ. ಮುಚ್ಚಿಟ್ಟಿದ್ದು ನಂದೇ ತಪ್ಪು." ಪಕ್ಕದ ಬಾಗಿಲ ಕಡೆ ಕೈ ತೋರಿಸಿದ. "ಮನೆಯವರ ಮೀಟಿಂಗು ಆ ರೂಮಲ್ಲಿ. ನಮ್ಮಂಥೋರ ಹೆಂಡ್ತೀರು, ತಾಯಂದಿರು ಇರ್ತಾರೆ."

ಅಷ್ಟರಲ್ಲಿ ಈರಕ್ಕ ಬಂದೇಬಿಟ್ಟಳು. ಗಂಡನ ಕುಡಿತದಲ್ಲಿ ಹಣ್ಣಾದ ಹೆಂಗಸು, ಹೊಸಬರನ್ನು ಕಂಡರೆ ಬಿಡುವವಳಲ್ಲ. "ಬಾರವ್ವ. ಗಂಡನೋ, ಅಣ್ಣನೋ?" ಅನ್ನುತ್ತಾ ಕೈ ಹಿಡಿದು ಎಳೆದುಕೊಂಡೇ ಹೋದಳು. ಅಲ್ಲಿಗೆ ಬಂದ ಹೆಂಗಸರನ್ನೆಲ್ಲ ಹಾಗೆ ಆ ರೂಮಿಗೇ ಕರೆದೊಯ್ಯುವುದು ರೂಢಿ. ಬೇರೇನಾದರೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಇತ್ತ ಕುಡಿತ ಬಿಟ್ಟವರ ರೂಮಲ್ಲಿ ಹಿರಿಯ ದೇವೀರಪ್ಪ ಮೀಟಿಂಗ್ ಶುರು ಮಾಡಿದ್ದರು. ಕಲ್ಲೇಶನ ಕಿವಿಗೆ ಒಂದು ಮಾತೂ ಬೀಳಲಿಲ್ಲ.

ಮುಗಿದೋಯ್ತು, ಎಲ್ಲಾ ಮುಗಿದೋಯ್ತು. ಬೀರೂರಿನ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಮುರಿದು ಅರ್ಧ ಕೊಟ್ಟು, "ಉಳಿದಿದ್ದು ಮದುವೆ ಆದ್ಮೇಲೆ" ಅಂತ ಓರೆಗಣ್ಣಲ್ಲಿ ನಕ್ಕಿದ್ದಳು. ಬಗ್ಗಿ ಮಾತಾಡಿದರೆ ಲವಂಗದ ಘಮ. ಆ ಘಮಕ್ಕೆ ಅವನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ. ಅವಳಿಲ್ಲದೆ ಹೇಗೆ ಇರುವುದಪ್ಪಾ!

ಬಾಗಿಲು ತೆರೆಯಿತು. ಕೃತಿಕಾ ಒಳಗೆ ಬಂದಳು.

"ತಾಯಿ, ಮನೆಯವರ ರೂಮು ಆ ಕಡೆ," ಅಂದರು ದೇವೀರಪ್ಪ.

"ಅಲ್ಲೇ ಕೂತಿದ್ದೆ ಸರ್. ಈರಕ್ಕ ಅವರ ಗಂಡನ ವಿಷಯ ಹೇಳ್ತಿದ್ರು. ಬಾಟ್ಲಿ ಎಲ್ಲೆಲ್ಲಿ ಬಚ್ಚಿಡ್ತಿದ್ದ, ಏನೇನು ಸುಳ್ಳು ಹೇಳ್ತಿದ್ದ ಅಂತ. ಒಂದೊಂದೂ ನನ್ನ ಬಗ್ಗೆನೇ ಹೇಳ್ದಂಗಿತ್ತು." ದುಪಟ್ಟಾದ ತುದಿ ಹಿಂಡುತ್ತಾ ನಿಂತಳು. "ನನ್ನ ಹೆಸರು ಕೃತಿಕಾ. ನಾನು ಯಾರ ಮನೆಯವಳಾಗೂ ಬಂದಿಲ್ಲ. ಕುಡಿಯೋಳು ನಾನೇ."

ಕಲ್ಲೇಶನ ಬಾಯಿ ತೆರೆದಿದ್ದು ತೆರೆದಂತೇ ಇತ್ತು.

ಲವಂಗ! ವಾಸನೆ ಮುಚ್ಚಲು ಅವನೂ ಒಂದು ಕಾಲಕ್ಕೆ ಲವಂಗ ಅಗಿದವನೇ ಅಲ್ಲವೇ? ತನ್ನ ಬಾಯಲ್ಲಿದ್ದರೆ ಕಳ್ಳತನ, ಅವಳ ಬಾಯಲ್ಲಿದ್ದರೆ ಪರಿಮಳ. ಎಂಥ ಪೆದ್ದನಯ್ಯಾ ನೀನು!

ಅವಳು ಹೇಳುತ್ತಾ ಹೋದಳು. ಅಮ್ಮ ತೀರಿಕೊಂಡ ಮೇಲೆ ನಿದ್ದೆ ಬರಲಿ ಅಂತ ಶುರುವಾಗಿದ್ದು. ಈಗ ಲ್ಯಾಬಿನ ಕೆಲಸಕ್ಕೆ ಹೋಗುವ ಮೊದಲೂ ಬೇಕು. ಅಜ್ಜಂಪುರದವರಿಗೆ ಗೊತ್ತಾಗಬಾರದೆಂದು ತರೀಕೆರೆಗೆ ಬಂದಿದ್ದು. ಬಂದರೆ ಬಾಗಿಲಲ್ಲೇ ಭಾವೀ ಗಂಡ!

ಮೀಟಿಂಗ್ ಮುಗಿದು ಮೆಟ್ಟಿಲ ಬಳಿ ಇಬ್ಬರೂ ನಿಂತರು. ಕುಡಿತ ಬಿಟ್ಟ ಮೇಲೆ ಒಂದು ವರ್ಷ ಮದುವೆ ಗಿದುವೆ ಬೇಡ, ಮೊದಲು ಕಾಲು ಊರಲಿ ಅಂತ ದೇವೀರಪ್ಪ ಮೆಲ್ಲಗೆ ಹೇಳಿ ಹೋಗಿದ್ದರು.

"ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ," ಅಂದಳು, ಮುಖ ನೋಡದೆ.

"ಏನ್ ಮಾತು ಅಂತ ಆಡ್ತೀರಿ? ನಿಮ್ಮನ್ನ ಬಿಟ್ಟು ನನಗೆ ಯಾರೂ ಬೇಡ ಕಣ್ರೀ." ಅವನಿಗೇ ಆಶ್ಚರ್ಯವಾಯಿತು, ಇಷ್ಟು ದಿನ ಫೋನಲ್ಲೂ ಬಾರದ ಮಾತು. "ಹುಡುಗ ಕುಡುಕ, ಅದಕ್ಕೇ ಮದುವೆ ಮುಂದಕ್ಕೆ ಹೋಯ್ತು ಅಂತ ನಾನೇ ಎರಡೂ ಮನೇಲಿ ಹೇಳ್ತೀನಿ. ನಿಮ್ಮ ಹೆಸರು ಬರೋದೇ ಬೇಡ."

ಅವಳ ಕಣ್ಣು ಕೆಂಪಾಯಿತು. "ಓಹೋ, ದೊಡ್ಡ ತ್ಯಾಗ! ಮತ್ತೆ ನನ್ನನ್ನ ಮನೆಯವರ ರೂಮಿಗೇ ಕಳಿಸ್ತೀರಾ?"

ಅವನು ಬೇಡ ಬೇಡ ಅನ್ನುವಷ್ಟರಲ್ಲಿ ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿದಳು.

"ಅಪ್ಪಾ, ಮದುವೆ ಒಂದು ವರ್ಷ ಮುಂದಕ್ಕೆ ಹಾಕು. ಹುಡುಗ ಒಳ್ಳೇವ್ನೆ. ನಾನೇ ಕುಡೀತೀನಪ್ಪ. ಅಮ್ಮ ಹೋದಾಗಿಂದ. ಬಿಡ್ಬೇಕು ಅಂತ ಬಂದಿದೀನಿ."

ಆ ಕಡೆ ಅಪ್ಪ ತೀರ್ಥಪ್ಪನವರ ದನಿ ಒಡೆದಿತ್ತು. "ಎಲ್ಲಿದ್ದೀಯವ್ವಾ? ಜೊತೇಲಿ ಯಾರಾದ್ರೂ ಅವ್ರಾ, ಒಬ್ಳೇನಾ?"

ಕಲ್ಲೇಶ ಅವಳ ಕೈಯನ್ನೂ ಫೋನನ್ನೂ ಒಟ್ಟಿಗೇ ಹಿಡಿದುಕೊಂಡ.

"ನಾನಿದ್ದೀನಿ ಮಾವ," ಅಂದ. "ಕಲ್ಲೇಶ. ನಾನೂ ಕುಡೀತಿದ್ದೋನೇ. ಇಬ್ರೂ ಇಲ್ಲೇ ಇದ್ದೀವಿ, ಕತ್ತಲಾಗೋದ್ರೊಳಗೆ ಮನೆಗೆ ಬತ್ತೀವಿ."