ಮಾಗಿಪಟ್ಟಿ

ಪಟ್ಟಿಯನ್ನು ಕತ್ತಿನ ಹಿಂಭಾಗಕ್ಕೆ ಅಂಟಿಸಿ ನಿಮಿಷವೂ ಆಗಿರಲಿಲ್ಲ, ಕಾಶೀಬಾಯಿಯ ಮುಂಗೈ ಮೇಲಿನ ಕೂದಲು ನಿಮಿರಿ ನಿಂತವು. ಹಲ್ಲು ಕಟಕಟಿಸಿದವು. ಹೊರಗೆ ವಿಜಯಪುರದ ಡಿಸೆಂಬರ್ ಬೆಳಗು ಆಗಲೇ ಮೂವತ್ತಾರು ಡಿಗ್ರಿ ಮುಟ್ಟಿತ್ತು.

"ಯವ್ವಾ, ಹೆಂಗ ಅನಸ್ತದ?" ಆ ಪಟ್ಟಿಯನ್ನು ರೂಪಿಸಿದ ಮಗಳು ಡಾಕ್ಟರ್ ಮಹಾನಂದಾ ಇಂಡಿ ಕೇಳಿದಳು.

"ಥಂಡಿ ಬಿತ್ತವಾ," ಎಂದಳು ಮುದುಕಿ. ಕಣ್ಣು ತುಂಬಿದ್ದವು. "ನಿಮ್ಮಪ್ಪ ಹೊಲದಾಗ ಹಸಿ ಜ್ವಾಳದ ಸೀತನಿ ಸುಡೂ ದಿನದಾಗ ಹಿಂಗ ಇರ್ತಿತ್ತು. ಟ್ರಂಕಿನ್ಯಾಗಿನ ಕೌದಿ ಕೊಡು."

ನಮ್ಮ ಚರ್ಮದಡಿ ತಂಪನ್ನು ಗುರುತಿಸುವ ನರತುದಿಗಳಿವೆ. ಅವು ಕಳಿಸುವಂಥದೇ ಸೂಕ್ಷ್ಮ ವಿದ್ಯುತ್ ಮಿಡಿತಗಳನ್ನು ಪಟ್ಟಿ ಬೆನ್ನುಹುರಿಗೆ ಕಳಿಸಿ, ಚಳಿ ಬಂದಿದೆಯೆಂದು ಮೆದುಳನ್ನು ನಂಬಿಸುತ್ತಿತ್ತು. ಮೈಯ ಉಷ್ಣ ಮಾತ್ರ ಕಾಲು ಡಿಗ್ರಿಯೂ ಇಳಿಯುತ್ತಿರಲಿಲ್ಲ. ಮಾಗಿ ಎಂಬ ಕಾಲವೇ ಬಾರದೆ ಇಪ್ಪತ್ತೆರಡು ವರ್ಷಗಳಾಗಿದ್ದ ಊರಿನಲ್ಲಿ ಒಂದೇ ತಿಂಗಳಿಗೆ ನಾಲ್ಕು ಸಾವಿರ ಜನ ಅದನ್ನು ಅಂಟಿಸಿಕೊಂಡರು. ಅರ್ಧ ಗಂಟೆ, ಮನೆಯೊಳಗೆ ಮಾತ್ರ ಎಂದು ಡಬ್ಬಿಯ ಮೇಲೆ ಬರೆದಿತ್ತು.

ಜನವರಿಯ ಒಂದು ಮಧ್ಯಾಹ್ನ ಮಹಾನಂದಾ ಊಟಕ್ಕೆ ಬಂದಾಗ ತಾಯಿ ಕೋಣೆಯಲ್ಲಿರಲಿಲ್ಲ. ಮಾಳಿಗೆಯ ಮೇಲೆ, ಉರಿಬಿಸಿಲಲ್ಲಿ, ಎರಡು ಕೌದಿ ಹೊದ್ದು ಕುಳಿತಿದ್ದಳು. ಮುಖ ಕೆಂಡದಂತಾಗಿತ್ತು.

"ಇಲ್ಲ್ಯಾಕ ಬಂದಿ ಯವ್ವಾ?"

"ಬಿಸಲ ಕಾಸಾಕ. ಥಂಡ್ಯಾಗ ಮತ್ತೆಲ್ಲಿ ಕುಂದರೂದವಾ?"

ಎಬ್ಬಿಸುವಷ್ಟರಲ್ಲಿ ಮುದುಕಿ ಮಗಳ ತೋಳಿಗೆ ಒರಗಿ ಪ್ರಜ್ಞೆ ತಪ್ಪಿದಳು. ಚಳಿಯಾದವರು ಬಿಸಿಲು ಹುಡುಕುತ್ತಾರೆಂಬ ಸಾಮಾನ್ಯ ಸಂಗತಿ ಆರು ವರ್ಷದ ಸಂಶೋಧನೆಯಲ್ಲಿ ಮಹಾನಂದಾಳಿಗೆ ಹೊಳೆದಿರಲಿಲ್ಲ.

ಆ ವಾರ ಹೀಗೆ ಪಟ್ಟಿ ಅಂಟಿಸಿಕೊಂಡು ಬಿಸಿಲಿಗೆ ಕುಸಿದು ಆಸ್ಪತ್ರೆಗೆ ಬಂದವರಲ್ಲಿ ಕಾಶೀಬಾಯಿ ಹನ್ನೊಂದನೆಯವಳು. ಮೂವರು ಆಗಲೇ ತೀರಿಕೊಂಡಿದ್ದರು. ಪಟ್ಟಿಗಳನ್ನೆಲ್ಲ ಹಿಂದಿರುಗಿಸಿರೆಂದು ಮಹಾನಂದಾ ಊರಿಗೆಲ್ಲ ಸಾರಿಸಿದಳು. ಬಂದದ್ದು ಇನ್ನೂರೂ ಇಲ್ಲ. ನಿವೃತ್ತ ಮಾಸ್ತರ ಗುರುಲಿಂಗಯ್ಯ ಪ್ರಯೋಗಾಲಯಕ್ಕೆ ಬಂದು ಒಂದು ಪಟ್ಟಿ ಮೇಜಿನ ಮೇಲಿಟ್ಟರು. ತೀರಿಕೊಂಡ ಮೂವರಲ್ಲಿ ಅವರ ಹೆಂಡತಿಯೂ ಒಬ್ಬಳು.

"ಇದು ಆಕೀದು, ತಗೋರಿ. ನಂದು ಕೊಡಂಗಿಲ್ಲ."

"ಜೀವಕ್ಕ ಅಪಾಯ ಅದರಿ, ಸರ್."

"ಗೊತ್ತದವಾ. ಆದ್ರ ಆ ಅರ್ಧ ತಾಸಿನ್ಯಾಗ ಆಕಿ ನನ್ನ ಬಾಜೂಕ ಕುಂತಿರ್ತಾಳ."



ಕಾಶೀಬಾಯಿಗೆ ಎಚ್ಚರವಾಯಿತು, ಆದರೆ ಬಿಸಿಲಿನ ಹೊಡೆತಕ್ಕೆ ಕೆಟ್ಟಿದ್ದ ಮೂತ್ರಪಿಂಡಗಳು ಸುಧಾರಿಸಲಿಲ್ಲ. "ಒಂದ ಸಲ ಹಚ್ಚವಾ," ಎಂದು ದಿನವೂ ಬೇಡುತ್ತಿದ್ದಳು. ನಡುಗಿದರೆ ಹೃದಯ ತಡೆಯದೆಂದು ವೈದ್ಯರು ಹೇಳಿದ್ದರು. ಮಹಾನಂದಾ ತಾಯಿಯ ಅಂಗೈ ಹಿಡಿದು, ನಾಳೆ ಎನ್ನುತ್ತಿದ್ದಳು. ಒಂಬತ್ತನೆಯ ದಿನ ಬೇಡುವುದು ನಿಂತಿತು. ಸಂಜೆಗೆ ಉಸಿರೂ.

ಕಾರ್ಯಗಳೆಲ್ಲ ಮುಗಿದ ಮೇಲೆ ಅವಳು ಹಳೆಯ ಹವಾಮಾನ ದಾಖಲೆ ತೆಗೆದು, ಊರಿನ ಉಷ್ಣಾಂಶ ಹತ್ತು ಡಿಗ್ರಿಗೆ ಇಳಿದ ಕೊನೆಯ ಬೆಳಗನ್ನು ಹುಡುಕಿದಳು. ಅದು ಕೊನೆಯದೆಂದು ಯಾರೂ ಬರೆದಿಟ್ಟಿರಲಿಲ್ಲ. ಆ ಬೆಳಗಿನ ಮರುದಿನದ ಹಳೆಯ ಪತ್ರಿಕೆ ತೆರೆದಳು. ಮೂರನೆಯ ಪುಟದಲ್ಲಿ ಸಣ್ಣ ಸುದ್ದಿ: ಚಳಿಗೆ ಶಾಲೆಯ ವೇಳೆ ಮುಂದೂಡಲು ಪಾಲಕರ ಒತ್ತಾಯ. ಕೆಳಗೆ, ಬಸ್ಸಿಗೆ ಕಾಯುತ್ತಿದ್ದ, ತಲೆತುಂಬ ಸೆರಗು ಸುತ್ತಿಕೊಂಡ ಹೆಂಗಸೊಬ್ಬಳ ಚಿತ್ರ. ವರದಿಗಾರನಿಗೆ ಅವಳು ಹೇಳಿದ ಮಾತೂ ಅಚ್ಚಾಗಿತ್ತು: "ಸಾಕಾಗ್ಯಾದರಿ ಈ ಥಂಡಿ. ಯಾವಾಗ ಹೋಗ್ತದೋ ಏನೋ."