ಸುಣ್ಣದ ಮೇಲಿನ ಗೆರೆ

ಅನುವಿಗೆ ಬಲಗಿವಿ ಕೇಳುತ್ತಿರಲಿಲ್ಲ.

ಅವಳು ಕೆಲಸಕ್ಕಿದ್ದ, ಗುಂಡ್ಲುಪೇಟೆಯ ಬಷೀರ್ ಅಹಮದರ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತಿತ್ತು. ಮೊದಲ ಸಲ ಬಂದ ಸುಧಾಕರನಿಗೆ ಗೊತ್ತಿರಲಿಲ್ಲ. ಅವಳ ಬಲಕ್ಕೆ ನಿಂತು ಮೂರು ಸಲ ಕರೆದ. ನಾಲ್ಕನೆಯ ಸಲ ಮೇಜು ಗುದ್ದಿದ.

ಅವಳು ತಿರುಗಿದಳು.

"ಎಡಕ್ಕೆ ಬಂದು ಮಾತಾಡಿ."

ಅವನ ಮುಖ ಕೆಂಪಾಯಿತು. ಆದರೂ ಎಡಕ್ಕೆ ಬಂದ.

ಚಾಮರಾಜನಗರದಲ್ಲಿ ಗ್ಯಾರೇಜ್ ಇಟ್ಟಿದ್ದ ಅವನು ಹಳೆಯ ಕಾರೊಂದಕ್ಕೆ ದುಪ್ಪಟ್ಟು ಶಕ್ತಿಯ ಎಂಜಿನ್ ಕೂರಿಸಿದ್ದ. ಅದರ ಸೆಳೆತಕ್ಕೆ ಹಿಂದಿನ ಆಕ್ಸಲ್ ತಿರುಚಿಕೊಂಡಿತ್ತು. ಈಗ ಅದಕ್ಕಿಂತ ಗಟ್ಟಿಯಾದ ಜೀಪಿನ ಆಕ್ಸಲನ್ನು ಬಿಡಿಬಿಡಿಯಾಗಿ ಜೋಡಿಸಬೇಕಿತ್ತು. ಬೇರಿಂಗ್, ಗೇರು, ಬ್ರೇಕ್ ಡ್ರಮ್... ಪ್ರತಿ ಭಾನುವಾರ ಬಂದು ಒಂದೊಂದಾಗಿ ಕೇಳಿದ. ಅವಳು ಬೇಡವೆಂದದ್ದನ್ನು ಮುಟ್ಟುತ್ತಿರಲಿಲ್ಲ. ಯಾರೂ ಹೇಳದೆಯೇ ಎಡಕ್ಕೆ ಬಂದು ನಿಲ್ಲುತ್ತಿದ್ದ.

'ಇನ್ನೆಷ್ಟು ಸಾಮಾನು ಬಾಕಿ ಇದೆ? ಮುಗಿದರೆ ಇವನು ಬರುವುದಿಲ್ಲವಲ್ಲ...'

ಕೊನೆಗೆ ಉಳಿದದ್ದು ಬಲಚಕ್ರವನ್ನು ತಿರುಗಿಸುವ ಉಕ್ಕಿನ ಶಾಫ್ಟ್. ಮಗುಚಿಬಿದ್ದ ಜೀಪೊಂದರಿಂದ ಬಿಚ್ಚಿದ ಎಡ, ಬಲ ಎರಡೂ ಶಾಫ್ಟುಗಳು ಅಂಗಡಿಯಲ್ಲಿದ್ದವು. ಬೇರೆ ಕಡೆಯಿಂದ ತಂದ ಎಡದ್ದು ಅವನ ಬಳಿ ಆಗಲೇ ಇತ್ತು, ಬಲಗಡೆಯದಷ್ಟೇ ಬೇಕಿತ್ತು. ಆ ಜೀಪಿನಲ್ಲಿದ್ದವರು ಏನಾದರೆಂದು ಯಾರೂ ಕೇಳಲಿಲ್ಲ.

ಸುಧಾಕರ ಬಲಗಡೆಯ ಶಾಫ್ಟನ್ನು ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ತಟ್ಟಿದ. ಗಂಟೆಯ ಹಾಗೆ ಮೊಳಗಿತು. ಬಿರುಕಿದ್ದರೆ ಮಂಕು ಸದ್ದು ಬರುತ್ತಿತ್ತು ಎಂದ.

ಅನು ಒಪ್ಪಲಿಲ್ಲ. ಸೀಮೆಎಣ್ಣೆ ಸವರಿ, ಎರಡು ಗಂಟೆ ಬಿಟ್ಟು ಒರೆಸಿ, ಸೀಮೆಸುಣ್ಣ ಬಳಿಯಬೇಕು. ಬಿರುಕಿನಲ್ಲಿ ಉಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಅಷ್ಟು ಹೊತ್ತು ಕಾಯಿರಿ ಎಂದಳು.

ರಾತ್ರಿಯೇ ಅದನ್ನು ಕೂರಿಸಿ, ಮರುದಿನ ಬೆಳಿಗ್ಗೆ ಪುಣಜನೂರು ರಸ್ತೆಯಲ್ಲಿ ಗೆಳೆಯರೆದುರು ಕಾರು ಓಡಿಸಬೇಕು ಎಂದ ಸುಧಾಕರ. ಅವನು ನಕ್ಕ.

"ಸದ್ದು ಕೇಳದೋರಿಗೆ ತಾನೆ ಸುಣ್ಣ ಬೇಕಾಗೋದು?"

ಅಂಗಡಿಯಲ್ಲಿದ್ದವರೂ ನಕ್ಕರು.

'ಇವನೂ ಅಷ್ಟೇ...'

"ತಗಂಡ್ ಓಗಿ," ಎಂದು ಶಾಫ್ಟನ್ನು ಅವನ ಕೈಗಿಟ್ಟಳು. ಅವಳು ಸುಣ್ಣ ಬಳಿಯದ ಶಾಫ್ಟ್ ಆ ಅಂಗಡಿ ಬಿಟ್ಟು ಹೋದದ್ದು ಅದೇ ಮೊದಲು.

ಸಂಜೆ ಮನಸ್ಸು ತಡೆಯದೆ, ಅಂಗಡಿಯಲ್ಲೇ ಉಳಿದಿದ್ದ, ಅದೇ ಜೀಪಿನ ಎಡಗಡೆಯ ಶಾಫ್ಟಿಗೆ ಸುಣ್ಣ ಬಳಿದಳು. ಬೇರಿಂಗ್ ಕೂರುವ ಜಾಗದ ಪಕ್ಕದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ಒಂದೇ ಜೀಪು, ಒಂದೇ ಏಟು. ಅವನು ಒಯ್ದದ್ದರಲ್ಲೂ ಇರಲೇಬೇಕು.

ಹನ್ನೊಂದು ಸಲ ಫೋನ್ ಮಾಡಿದಳು. ಬಯ್ಯಲು ಮಾಡುತ್ತಿದ್ದಾಳೆಂದುಕೊಂಡು ಅವನು ಎತ್ತಲಿಲ್ಲ. ಗೆರೆಯ ಫೋಟೊ ಕಳಿಸಿದಳು. ತೆರೆದು ನೋಡಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಬಂದಳು. ಗ್ಯಾರೇಜಿಗೆ ಬೀಗ ಹಾಕಿತ್ತು. ಆಟೊ ಹಿಡಿದು ಪುಣಜನೂರು ರಸ್ತೆಗೆ ಹೊರಟಳು. ದಾರಿಯುದ್ದಕ್ಕೂ ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ.

ಮೊದಲು ಕಂಡದ್ದು ಹೊಲದ ನಡುವೆ ಬಿದ್ದಿದ್ದ ಒಂಟಿ ಚಕ್ರ. ಅದರ ನಡುವೆ ಮುರಿದ ಶಾಫ್ಟಿನ ತುಂಡು ಚಾಚಿಕೊಂಡಿತ್ತು. ಕಾರು ಇನ್ನೂ ಮುಂದೆ, ಚಕ್ರ ಮೇಲಾಗಿ ಬಿದ್ದಿತ್ತು.

ಅವನಿಗೆ ಉಸಿರಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಸುಧಾಕರ ಊರುಗೋಲಿನ ಮೇಲೆ ಅಂಗಡಿಗೆ ಬಂದ. ಅವಳ ಎಡಕ್ಕೆ ಸ್ಟೂಲ್ ಎಳೆದುಕೊಂಡು ಕೂತ.

"ಫೋಟೊ ಆಸ್ಪತ್ರೇಲಿ ನೋಡ್ದೆ," ಎಂದ.

"ನಾನ್ ಅವತ್ತು ಕೊಡ್ಬಾರ್ದಿತ್ತು. ಕೋಪಕ್ಕೆ ಕೊಟ್ಬುಟ್ಟೆ."

"ಕೋಪ ಬರ್ಸಿದ್ದು ನಾನಲ್ವಾ..." ಅವನು ಊರುಗೋಲನ್ನು ನೋಡುತ್ತ ಕೂತ. "ಎಲ್ಲಾ ಸಾಮಾನೂ ಒಂದೇ ದಿನ ತಗಬೋದಿತ್ತು ಕಣಮ್ಮಿ. ನಿನ್ ನೋಡಕ್ಕೇ ವಾರಕ್ಕೊಂದು ಕೇಳ್ತಿದ್ದೆ."

ಅನು ಕೈಗಂಟಿದ ಸುಣ್ಣ ಒರೆಸಿಕೊಂಡಳು. ಆಮೇಲೆ ಕೇಳಿದಳು:

"ಇವತ್ತೇನ್ ಬೇಕು?"

"ನನ್ ಜೊತೆ ಇರ್ತೀಯಾ?"

"ಇರ್ತೀನಿ," ಎಂದಳು. "ಆದ್ರೆ ಇನ್ಮೇಲೆ ನೀನು ಸುತ್ತಿಗೆ ಮುಟ್ಟಂಗಿಲ್ಲ."

ಈ ಮಾತಿಗೆ ಬರುವಷ್ಟರಲ್ಲಿ ಹೋದದ್ದು ಒಂದು ಕಾರು, ಮೊಣಕಾಲಿನ ಕೆಳಗೆ ಅವನ ಬಲಗಾಲು, ರಸ್ತೆಬದಿಯಲ್ಲಿ ಪುಣಜನೂರಿನ ಮಲ್ಲಿಗಮ್ಮ ಮೇಯಿಸುತ್ತಿದ್ದ ಎರಡು ಆಡು.